ಶೀತವೆಂಬುದಿಲ್ಲ

ಸಂಜೆ ಆರಕ್ಕೆ, ಐಟಿಐ ಹಿಂದಿನ ಶೆಡ್ಡಿನಲ್ಲಿ,
ಹಗಲಿನ ಹುಡುಗರು ಬೆಂಚಿಗೆ ಕೆತ್ತಿಟ್ಟು ಹೋದ
ಬಾಣ ಚುಚ್ಚಿದ ಹೃದಯದ ಮೇಲೆ
ನನ್ನ ಪುಸ್ತಕ, ನನ್ನ ಕನ್ನಡಕ.
ಮಡಚಲಾರದ ಬಲಗಾಲು ದಾರಿಗೆ ಅಡ್ಡ.
ಪಕ್ಕದಲ್ಲಿ ಕೈಗಾದಲ್ಲಿ ಗುತ್ತಿಗೆ ಮುಗಿದ ಬೊಮ್ಮು ಗೌಡ.
ಮುಂದೆ ಕೋಡಿಬಾಗದಲ್ಲಿ ಖಾನಾವಳಿ ನಡೆಸುವ ಅಪೊಲಿನ್ ಬಾಯಿ,
ವರ್ಷಕ್ಕೆ ಮೂರು ಸಲ ಫ್ರೀಜರ್ ಕೆಟ್ಟು
‘ಮೆಕ್ಯಾನಿಕ್ಕಿಗೆ ಸುರಿದ ದುಡ್ಡಿಗೆ
ನಾನೇ ಮೆಕ್ಯಾನಿಕ್ ಆಗಬಹುದಿತ್ತು’ ಎಂದು ಸೇರಿದವಳು.

ಹಾಜರಿ ಬೆರಳಲ್ಲಿ.
ಯಂತ್ರ ಎಲ್ಲರನ್ನೂ ಒಪ್ಪಿತು, ನನ್ನೊಬ್ಬನನ್ನು ಬಿಟ್ಟು.
ಹತ್ತೂ ಬೆರಳು ಒತ್ತಿದೆ.
‘ಮತ್ತೆ ಪ್ರಯತ್ನಿಸಿ’ ಎಂದಿತು ಹತ್ತೂ ಸಲ,
ಹೆಣ್ಣುದನಿಯಲ್ಲಿ, ಸಿಟ್ಟಿಲ್ಲದೆ.

ಬೈತಖೋಲದ ಬರ್ಫದ ಕಾರ್ಖಾನೆ, ಇಪ್ಪತ್ತೆರಡು ವರ್ಷ.
ಹೆಗಲಿಗೆ ಗೋಣಿ, ಗೋಣಿಯ ಮೇಲೆ ದಿಮ್ಮಿ.
ನನ್ನ ಗೆರೆಗಳು ಯಾವ ಬೋಟಿನ ಹೊಟ್ಟೆಯಲ್ಲಿ
ಯಾವ ತಾರ್ಲಿ ರಾಶಿಯ ಮೇಲೆ ಕರಗಿದವೋ,
ಆ ಮೀನು ತಿಂದವರು ಯಾವ ಊರವರೋ.
ಹೆಬ್ಬೆಟ್ಟಾಗಬೇಡ ಮಗನೇ ಎಂದು
ಅಪ್ಪ ಏಳನೆತ್ತೆವರೆಗೆ ಹೊಡೆದು ಓದಿಸಿದ.
ಈಗ ಸಹಿ ಉಂಟು,
ಹೆಬ್ಬೆಟ್ಟೇ ಇಲ್ಲ.

ಸುಮಯ್ಯಾ ಮೇಡಂ ಕಪಾಟಿನ ಅಡಿಯಿಂದ
ಕೆಂಪು ಗೆರೆಯ ಹಳೇ ರಿಜಿಸ್ಟರ್ ಎಳೆದರು,
ಧೂಳು ಊದಿ, ನೀಲಿ ಶಾಯಿಯಲ್ಲಿ ಬರೆದರು:
ದತ್ತಾರಾಮ ತಾಂಡೇಲ, ವಯಸ್ಸು ನಲವತ್ತೊಂಬತ್ತು, ಹಾಜರು.
ಅವರಿಗೆ ಇಪ್ಪತ್ತಾರು. ದಿನಾ ಭಟ್ಕಳದ ಕೊನೇ ಬಸ್ಸಿನ ಚಿಂತೆ.

ಮೂರನೇ ಪಾಠದ ದಿನ ಬೋರ್ಡಿನ ಮೇಲೆ ಬರೆದರು:
ಶೀತ ಎಂಬ ವಸ್ತು ಇಲ್ಲ.
ಇರುವುದು ಶಾಖ ಒಂದೇ.
ಅದನ್ನು ತೆಗೆದರೆ ಉಳಿಯುವುದಕ್ಕೆ
ನಾವು ತಂಪು ಎನ್ನುತ್ತೇವೆ.

ನಾನು ಪೆನ್ನು ಕೆಳಗಿಟ್ಟೆ.
‘ಮೇಡಂ, ಇಲ್ಲ ಅಂದರೆ ಹೇಗೆ?
ಹಾಗಾದರೆ ನಾನು ಹೊತ್ತದ್ದೇನು?’
ಬೊಮ್ಮು ನಕ್ಕ. ಅಪೊಲಿನ್ ಬಾಯಿ ನಗಲಿಲ್ಲ,
ತಿರುಗಿ ನನ್ನ ಹೆಗಲು ನೋಡಿದಳು,
ಅಂಗಿಯೊಳಗೂ ಕಾಣುತ್ತದೆ ಆ ಗಂಟು.

ಮೇಡಂ ಬಹಳ ಹೊತ್ತು ಸೀಮೆಸುಣ್ಣ ಉರುಳಿಸಿದರು.
ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ ಅಂತ ಕಾಣುತ್ತದೆ.
ಆಮೇಲೆ ತೆರೆದಿಟ್ಟ ಫ್ರಿಜ್ಜಿನ ಹತ್ತಿರ ಕರೆದು
ತಾಮ್ರದ ಕೊಳವೆಯ ಮೇಲೆ ಬೆರಳಾಡಿಸಿ ಹೇಳಿದರು:
‘ಇದರೊಳಗಿನ ಗ್ಯಾಸು ಒಳಗೆ ಹೋಗುತ್ತದೆ,
ಶಾಖ ಎತ್ತಿಕೊಳ್ಳುತ್ತದೆ, ಹೊರಗೆ ತಂದು ಇಳಿಸುತ್ತದೆ,
ಬರಿಗೈಲಿ ಮತ್ತೆ ಒಳಗೆ. ಅಷ್ಟೇ. ಇಡೀ ದಿನ.’

‘ಅಂದರೆ ಅದೂ ಹಮಾಲ.’

‘ಹೌದು,’ ಎಂದರು, ‘ಹಮಾಲನೇ.’
ಮರುದಿನದಿಂದ ಪಾಠದಲ್ಲಿ ಆ ಶಬ್ದ ಬಂತು:
ಹಮಾಲನ ದಾರಿ ಎಲ್ಲಿ ಕಟ್ಟಿದೆ ನೋಡಿ,
ಹಮಾಲನಿಗೆ ಉಸಿರು ಸಾಲುತ್ತಿಲ್ಲ, ಮಾಪಕ ಓದಿ.
ಸಾಬೂನು ನೊರೆ ಹಚ್ಚಿ ಸೋರುವ ಬಿರುಕು ಹುಡುಕುವಾಗ
ನನಗೆ ನನ್ನದೇ ಕೀಲುಗಳ ನೆನಪು.

ಪರೀಕ್ಷೆಗೆ ಎಂಬತ್ತು ಪರ್ಸೆಂಟು ಹಾಜರಿ ಬೇಕು.
ಯಂತ್ರದ ಲೆಕ್ಕದಲ್ಲಿ ನಾನು ಒಂದು ದಿನವೂ ಬಂದವನಲ್ಲ.
ರಿಜಿಸ್ಟರಿನ ಜೆರಾಕ್ಸ್ ಸಮೇತ ಮೇಡಂ ಹುಬ್ಬಳ್ಳಿಗೆ ಪತ್ರ ಹಾಕಿದ್ದಾರೆ.
ಉತ್ತರ ಬಂದಿಲ್ಲ.
ಬರುವವರೆಗೆ ಕೂತಿರಲಾಗುತ್ತದೆಯೇ?
ಅಪೊಲಿನ್ ಬಾಯಿಯ ಫ್ರೀಜರ್ ನಾವಿಬ್ಬರೇ ಬಿಚ್ಚಿದೆವು,
ಮತ್ತೆ ಕೂಡಿಸಿದಾಗ ಒಂದು ಸ್ಕ್ರೂ ಉಳಿಯಿತು.
ಆದರೂ ಓಡುತ್ತಿದೆ.
ಸ್ಕ್ರೂ ನನ್ನ ಕಿಸೆಯಲ್ಲಿದೆ.

ರಾತ್ರಿ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ,
ನಮ್ಮ ಫ್ರಿಜ್ಜಿನ ಬೆನ್ನಿಗೆ ಅಂಗೈ ಇಡುತ್ತೇನೆ.
ಅಲ್ಲಿ ಬೆಕ್ಕು ಮೊದಲೇ ಮಲಗಿರುತ್ತದೆ,
ಅದಕ್ಕೆ ಈ ಪಾಠ ಯಾರೂ ಹೇಳಿಕೊಡಲಿಲ್ಲ.
ಒಳಗಿನ ನಾಲ್ಕು ಬಂಗಡೆಯಿಂದ ಎತ್ತಿ ತಂದ
ಮಧ್ಯಾಹ್ನದ ಕಡಲಿನ ಬಿಸಿ
ಗೆರೆಯಿಲ್ಲದ ನನ್ನ ಬೆರಳಿಗೆ ತಾಕುತ್ತದೆ.

ಮತ್ತೆ ಪ್ರಯತ್ನಿಸಿ ಎನ್ನುವುದಿಲ್ಲ.